ಎಂಜಿನ್ ಆರಿಸುವ ಮಾಸ್ತರರು

ಮಾಸ್ತರರ ಬಿಳಿ ಕರವಸ್ತ್ರದ ನಟ್ಟನಡುವೆ ಯಾವಾಗಲೂ ಒಂದು ಕಪ್ಪು ದುಂಡು ಇರುತ್ತಿತ್ತು. ಟ್ರ್ಯಾಕ್ಟರಾಗಲಿ, ಭತ್ತ ಕೊಯ್ಯುವ ಯಂತ್ರವಾಗಲಿ, ಹೊಗೆ ಕೊಳವೆಯ ಬಾಯಿಗೆ ಆ ಬಟ್ಟೆಯನ್ನು ಒಂದು ಗಳಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಮಸಿ ದಟ್ಟವಾಗಿದ್ದರೆ ಮುಗಿಯಿತು. “ಈ ಗಾಡಿ ಎಣ್ಣಿ ಉಣ್ಣಾಕತ್ತಿಲ್ಲ, ಉಗುಳಾಕತ್ತೈತಿ,” ಎನ್ನುತ್ತಿದ್ದರು. ಆಮೇಲೆ ಅದೇ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ರೈಲ್ವೆ ನೌಕರಿಯಲ್ಲಿದ್ದ ಅವರ ಹೆಂಡತಿ ಬಂಗಾಳದ ಡಮ್ ಡಮ್‌ನ ಮನೆಯಲ್ಲಿ ಆ ಕರವಸ್ತ್ರಗಳಿಗೆಂದೇ ಬೇರೆ ಬಕೆಟ್ ಇಟ್ಟಿದ್ದರು.

ಮಾಸ್ತರರು ಧಾರವಾಡದ ಕಡೆಯವರು. ಕೃಷಿ ಎಂಜಿನಿಯರಿಂಗ್ ಓದಿ, ಯಂತ್ರ ನಡೆಸುವವರಿಗೆ ಪಾಠ ಹೇಳಿ ನಿವೃತ್ತರಾಗಿದ್ದರು. ಡಮ್ ಡಮ್ ಹತ್ತಿರದ ಐಟಿ ಬಡಾವಣೆ ಸೆಕ್ಟರ್ ಫೈವ್‌ನ ನಮ್ಮ ಕಂಪನಿ ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತದೆ; ಚಾಲಕರನ್ನು ತಿದ್ದಲು ಅವರನ್ನು ಕರೆಸಿಕೊಂಡಿತ್ತು. ಪರದೆಯ ಮುಂದೆ ಕೂತು ಯಾವ ಯಂತ್ರ ಎಲ್ಲಿದೆ ಎಂದು ನೋಡುವುದು ನನ್ನ ಕೆಲಸ. ಎಂಜಿನ್ ಓಡುತ್ತಿದ್ದರೆ ಹಸಿರು ಚುಕ್ಕೆ, ನಿಂತರೆ ಕೆಂಪು. ಹಸಿರು ಹೆಚ್ಚಿದ್ದವನೇ ಒಳ್ಳೆಯ ಚಾಲಕ ಎಂದು ನಮ್ಮ ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದರು. ಚಾಲಕರೇನು ದಡ್ಡರೇ? ಊಟಕ್ಕೆ ಕೂತರೂ, ಬೀಡಿ ಹಚ್ಚಿದರೂ ಎಂಜಿನ್ ಆರಿಸುತ್ತಿರಲಿಲ್ಲ. ಡೀಸೆಲ್ ಸುಮ್ಮನೆ ಉರಿಯುತ್ತಿತ್ತು, ಪರದೆ ಹಸಿರಾಗಿರುತ್ತಿತ್ತು.

ಮಾಸ್ತರರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. “ನಿಮ್ಮ ಹಸಿರು ಚುಕ್ಕಿಯೊಳಗ ಒಂದು ಕಾಳು ಬೆಳಿತೈತೇನು ತಂಗಿ?” ಎಂದು ನನ್ನನ್ನೇ ಗದರುತ್ತಿದ್ದರು, ಆ ನಿಯಮ ಮಾಡಿದವಳು ನಾನೇ ಅನ್ನುವ ಹಾಗೆ. ಬಂಗಾಳಿ ಚಾಲಕರಿಗೆ ಹರುಕು ಹಿಂದಿಯಲ್ಲಿ ಹೇಳಿಕೊಡುವರು; ಸಿಟ್ಟು ಬಂದಾಗ ಮಾತ್ರ ಧಾರವಾಡದ ಕನ್ನಡ. “ಹಗುರ ಕೆಲಸಕ್ಕ ಗೇರ್ ಏರ್ಸು, ರೇಸ್ ಇಳ್ಸು,” ಎಂದು ಅವರು ಕೂಗಿದರೆ, ಕನ್ನಡದ ಗಂಧವಿಲ್ಲದ ಹುಡುಗರೂ ಹಾಗೆಯೇ ಮಾಡುತ್ತಿದ್ದರು. ಹಿಂದಿನಿಂದ ಎಲ್ಲರೂ ಅವರನ್ನು ಕಂಜೂಸ್ ಎನ್ನುತ್ತಿದ್ದರು. ಒಂದೆರಡು ಸಲ ನಾನೂ ಅಂದಿದ್ದೇನೆ.

ಹೋದ ವರ್ಷ ಬೇಸಿಗೆ ಭತ್ತದ ಕೊಯ್ಲಿಗೆ ಅವರ ಜೊತೆ ನಾನೂ ಹೋಗಿದ್ದೆ. ಆ ದಿನ ಹೆದ್ದಾರಿಯಲ್ಲಿ ರಸ್ತೆ ತಡೆ. ಡೀಸೆಲ್ ತರಬೇಕಾದ ಗಾಡಿ ಆಚೆಯೇ ಸಿಕ್ಕಿಹಾಕಿಕೊಂಡಿತ್ತು. ಯಂತ್ರದ ಹೊಟ್ಟೆಯಲ್ಲಿ ಇದ್ದಷ್ಟೇ ಡೀಸೆಲ್. ಕೊಯ್ಲಿಗೆ ಉಳಿದಿದ್ದದ್ದು ಒಬ್ಬ ಹೆಂಗಸಿನ ಹೊಲ. ವಾಯವ್ಯದಲ್ಲಿ ಆಕಾಶ ಕಪ್ಪುಗಟ್ಟುತ್ತಿತ್ತು. ಕಾಲಬೈಶಾಖಿ ಬಿರುಗಾಳಿ ಎರಗಿದರೆ ಮಾಗಿದ ಭತ್ತ ನೆಲಕ್ಕೆ ಒರಗಿ ನೀರಿನಲ್ಲೇ ಮೊಳೆಯುತ್ತದೆ. ಆಕೆ ಬದುವಿನ ಮೇಲೆ ನಿಂತು ಒಮ್ಮೆ ಆಕಾಶವನ್ನು, ಒಮ್ಮೆ ನಮ್ಮನ್ನು ನೋಡುತ್ತಿದ್ದಳು.

ಚಾಲಕ ಯಂತ್ರವನ್ನು ಗದ್ದೆಗೆ ಇಳಿಸಬೇಕು, ಅಷ್ಟರಲ್ಲಿ ಮಾಸ್ತರರು ಕೈ ಎತ್ತಿ, “ಬಂದ್ ಕರೋ,” ಎಂದರು.

ಎಂಜಿನ್ ನಿಂತಿತು. “ದಾದಾ, ಝೋಡ್ ಆಶ್ಛೆ,” ಬಿರುಗಾಳಿ ಬರುತ್ತಿದೆ ಎಂದು ಆಕೆ ಅಳುದನಿಯಲ್ಲಿ ಅಂದಳು. ನನ್ನ ಫೋನ್ ಬಡಿದುಕೊಂಡಿತು. ಚುಕ್ಕೆ ಯಾಕೆ ಕೆಂಪಾಯಿತು ಎಂದು ಮ್ಯಾನೇಜರ್.

“ಸರ್, ಶುರು ಮಾಡ್ಸಿ, ದಯವಿಟ್ಟು,” ಎಂದೆ.

ಅವರು ಪ್ಯಾಂಟು ಮಡಚಿ ಭತ್ತದೊಳಗೆ ಇಳಿದೇಬಿಟ್ಟರು. ಹೆಜ್ಜೆ ಊರಿ, ಒತ್ತಿ ನೋಡಿ, ನೆಲ ಮೆತ್ತಗಿದ್ದಲ್ಲಿ ಬಿದಿರು ಕಡ್ಡಿ ಚುಚ್ಚುತ್ತ ಹೋದರು. ಗಾಳಿ ಬಿದ್ದುಹೋಗಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವರ ಮೇಲೆ ನನಗೆ ಕೆಂಡದಂಥ ಕೋಪ ಬಂತು. ತಿರುಗಿ ಬಂದವರು ಗಾಳಿಯ ಫಿಲ್ಟರ್ ಬಿಚ್ಚಿ ಅಂಗೈಗೆ ಬಡಿದರು. ಹೊಟ್ಟಿನ ಧೂಳು ಉದುರಿತು. “ಮದಲ ಕಾಲಿಗೆ ಹೊಲ ಗೊತ್ತಾಗಬೇಕು, ಆಮ್ಯಾಲ ಗಾಲಿಗೆ. ಕೆಸರಾಗ ಸಿಕ್ಕೊಂಡ್ರ ಎಣ್ಣಿನೂ ಹೋತು, ಭತ್ತಾನೂ ಹೋತು,” ಎಂದರು.

ಸುತ್ತು ಹಾಕದೆ, ಹೊಲದ ಉದ್ದಕ್ಕೆ ನೇರವಾಗಿ, ಕಡ್ಡಿ ಚುಚ್ಚಿದ ಜಾಗ ಬಿಟ್ಟು ಕೊಯ್ಯಲು ಹೇಳಿದರು. ಡೀಸೆಲ್ ತೋರಿಸುವ ಮುಳ್ಳು ಕೆಂಪಿಗೆ ಇಳಿಯಿತು. ಧೂಳಿನ ಮೊದಲ ಗಾಳಿ ಮುಖಕ್ಕೆ ಹೊಡೆಯಿತು. ನಾನು ಕಣ್ಣು ಮುಚ್ಚಿಕೊಂಡು ಸದ್ದನ್ನಷ್ಟೇ ಕೇಳುತ್ತಿದ್ದೆ. ಕೊನೆಯ ಸಾಲು ಮುಗಿಸಿ ಯಂತ್ರ ಬದು ಹತ್ತುವಾಗ ಎಂಜಿನ್ ಎರಡು ಸಲ ಕೆಮ್ಮಿ ತಾನೇ ನಿಂತುಹೋಯಿತು. ಕಡ್ಡಿಗಳ ನಡುವಿನ ತುಂಡನ್ನು ಊರವರೆಲ್ಲ ಕುಡುಗೋಲು ಹಿಡಿದು ಕೊಯ್ದರು. ಭತ್ತದ ಮೇಲೆ ತಾಡಪತ್ರಿ ಎಳೆಯುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು.

ಮಾಸ್ತರರು ಮಳೆಯಲ್ಲೇ ಬದುವಿನ ಮೇಲೆ ಕುಸಿದು ಕೂತರು. “ನನಗೂ ಭಾಳ ಹೆದರಿಕಿ ಆಗಿತ್ತು ತಂಗಿ,” ಎಂದರು. ಆ ಹೆಂಗಸು ಬಂದು ತನ್ನ ಸೆರಗಿನಿಂದ ಅವರ ತಲೆ ಒರೆಸಿದಳು.

ಈ ಚಳಿಗಾಲದಲ್ಲಿ ಎದೆನೋವು ಬಂದು ಅವರು ಹೋಗಿಬಿಟ್ಟರು. ಸುದ್ದಿ ತಿಳಿದು ಡಮ್ ಡಮ್‌ನ ಮನೆಗೆ ಓಡಿದೆ. ಊರಿಂದ ಬರುತ್ತಿದ್ದ ಅವರ ಮಗಳ ವಿಮಾನ ಇಳಿಯುವುದನ್ನೇ ಎಲ್ಲರೂ ಕಾಯುತ್ತಿದ್ದರು. ಕೆಳಗೆ ಹೆಣ ಒಯ್ಯುವ ಗಾಡಿ ಬಂದು ನಿಂತಿತ್ತು, ಎಂಜಿನ್ ಗುರ್ ಎನ್ನುತ್ತಲೇ ಇತ್ತು, ಕಿಟಕಿಯಿಂದ ಡೀಸೆಲ್ ವಾಸನೆ ಒಳಗೆ ಬರುತ್ತಿತ್ತು. ಅವರ ಹೆಂಡತಿ ಒಗೆದು ಮಡಚಿದ ಕರವಸ್ತ್ರವೊಂದನ್ನು ಅವರ ಜೇಬಿಗೆ ಇಡುತ್ತಿದ್ದರು. ಕಪ್ಪು ದುಂಡು ಹೋಗಿರಲಿಲ್ಲ. ಕಣ್ಣಲ್ಲಿ ಒಂದು ಹನಿಯಿಲ್ಲದೆ ನನ್ನ ಕಡೆ ತಿರುಗಿ, “ಆ ಗಾಡಿ ಬಂದ್ ಮಾಡ್ಸವಾ. ಇವರಿಗೆ ಆಗೂದಿಲ್ಲ,” ಎಂದರು.

ಇಳಿದು ಹೋಗಿ ಗಾಡಿಯ ಗಾಜು ತಟ್ಟಿದೆ. ಚಾಲಕ ನಿದ್ದೆಗಣ್ಣಲ್ಲಿ ನೋಡಿ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು. ಆಗ ಮೇಲಿನ ಕೋಣೆಯಿಂದ ಅವರ ಹೆಂಡತಿಯ ಅಳು ಕೇಳಿಸಿತು.