ಡಬ್ಬಿಯ ಮೇಲಿನ ಶಾಂತವ್ವ

ಶಾಂತವ್ವ ನನ್ನನ್ನು ಏನೂ ಕೇಳಿರಲಿಲ್ಲ. ಸೀರೆ ಡಬ್ಬಿಯ ಮೇಲಿದ್ದ ತನ್ನ ಫೋಟೋದ ಪಕ್ಕ ಪಕ್ಷದ ಗುರುತು ಹಾಕಿರೆಂದು ಆಕೆಯೇ ಬಂದು ಹೇಳಿದಳು — ಎಂದು ನಾನು ಪತ್ರಕರ್ತರ ಮುಂದೆ ಹೇಳಿದ್ದು ಶುದ್ಧ ಸುಳ್ಳು. ಎಂಟು ವರ್ಷ ಆ ಸುಳ್ಳಿನ ಮೇಲೆಯೇ ವ್ಯಾಪಾರ ಮಾಡಿದ್ದೇನೆ.

ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಆಕೆ ನೂಲು ಸುತ್ತುತ್ತಿದ್ದಳು. ಗಂಡನಿಲ್ಲದ ಹೆಣ್ಣುಮಗಳು, ಮಗ್ಗಗಳ ಸದ್ದಿನಲ್ಲೂ ಕೇಳುವಂಥ ನಗು. ಆ ನಗುವಿನ ಫೋಟೋ ಡಬ್ಬಿಗೆ ಹಾಕಿದೆ. ಅದಕ್ಕೆ ಒಪ್ಪಿದ್ದಳು — ಅದಕ್ಕೆ ಮಾತ್ರ. ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಲ್ಲಿ ಯಾರೂ ನನ್ನ ಹೆಸರು ಹೇಳುತ್ತಿರಲಿಲ್ಲ. "ಶಾಂತವ್ವನ ಸೀರಿ ಕೊಡ್ರಿ" ಎನ್ನುತ್ತಿದ್ದರು.

ಆಮೇಲೆ ನನಗೆ ವೇದಿಕೆಯ ರುಚಿ ಹತ್ತಿತು. ನೇಕಾರರ ಪರ ಎರಡು ಭಾಷಣ ಮಾಡಿದೆ. ಪಕ್ಷದವರು ಶಾಲು ಹೊದಿಸಿದರು. ನಗರಸಭೆ ಚುನಾವಣೆಯ ಹೊತ್ತಿಗೆ ಡಬ್ಬಿಯ ಮೇಲೆ ಪಕ್ಷದ ಗುರುತು, ಕೆಳಗೆ "ನನ್ನ ಮತ ಇದಕ್ಕೇ" ಎಂದು ಶಾಂತವ್ವನೇ ಹೇಳಿದಂಥ ಸಾಲು ಅಚ್ಚು ಹಾಕಿಸಿದೆ. ಎದುರು ಪಕ್ಷದಿಂದ ನಿಂತವನು ಆಕೆಯ ಓಣಿಯವನೇ, ಜೀವದ ಗೆಳತಿ ಕಸ್ತೂರೆವ್ವನ ತಮ್ಮ. ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿಸಿದೆ.

ಮುಧೋಳದ ಅಂಗಡಿಯವರು ಪಕ್ಷದ ಗುರುತು ಕಾಣದಂತೆ ಡಬ್ಬಿಗಳನ್ನು ತಿರುವಿ ಇಟ್ಟರು. ಬೀಳಗಿಯಲ್ಲಿ ಹೆಣ್ಣುಮಕ್ಕಳು "ಸೀರಿ ಕೊಡ್ರಿ, ಡಬ್ಬಿ ಬ್ಯಾಡ" ಎಂದರು. ಆಕೆಯ ಒಪ್ಪಿಗೆ ಇತ್ತೇ ಎಂದು ಪತ್ರಕರ್ತರು ಕೇಳಿದಾಗ ನನಗೆ ಕಂಡದ್ದು ನನ್ನ ಹೆಸರು, ನನ್ನ ಸೀರೆ, ಅಷ್ಟೇ.

"ಆಕೀನ ಬಂದು ಹೇಳಿದ್ಲರಿ, ಹಾಕ್ರಿ ಅಂತ" ಎಂದೆ. ಎಷ್ಟು ಸಲೀಸಾಗಿ —

ಮರುದಿನ ಆಕೆ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದಳು.

"ಸಾವ್ಕಾರ್ರ, ನಾ ಯಾವಾಗ ಹಂಗಂದೀನ್ರಿ?"

"ನಾಕ ದಿನ ಸುಮ್ಮಿರು ಶಾಂತವ್ವ. ಮಂದಿ ಮರೀತಾರ."

ಆಕೆ ಸುಮ್ಮನಿದ್ದಳು. ನನ್ನ ಮರ್ಯಾದೆಗಾಗಿಯೋ, ಕೆಲಸ ಹೋದೀತೆಂಬ ಹೆದರಿಕೆಗೋ — ನಾನು ಕೇಳಲೇ ಇಲ್ಲ.

ಕಸ್ತೂರೆವ್ವನ ತಮ್ಮ ಸೋತ. "ಸಾವ್ಕಾರಗ ಮಾರಿಕೊಂಡಾಕಿ" ಎಂಬ ಮಾತು ಓಣಿಯಲ್ಲಿ ಹುಟ್ಟಿತು. ಒಂಟಿ ಹೆಣ್ಣಿನ ಮೇಲೆ ಬಿದ್ದರೆ ಆ ಮಾತು ಬರೀ ರಾಜಕೀಯದ ಮಾತಾಗಿ ಉಳಿಯುವುದಿಲ್ಲ. ಶಾಂತವ್ವ ಚಿಮ್ಮಡದ ಅಕ್ಕನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ನಾನು ಪಕ್ಷ ಬಿಟ್ಟೆ, ಡಬ್ಬಿಯಿಂದ ಗುರುತನ್ನೂ ಆಕೆಯ ಫೋಟೋವನ್ನೂ ತೆಗೆಸಿದೆ. ವ್ಯಾಪಾರ ಮತ್ತೆ ಕುದುರಿತು. "ಖರೇ ಮಾತಿನ ಮನಷ್ಯಾ" ಎಂದು ಸನ್ಮಾನಕ್ಕೆ ಕರೆಯುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬಾಗಿಲ ಕಡೆ ನೋಡುತ್ತೇನೆ. ಯಾರೂ ಇರುವುದಿಲ್ಲ. ಆದರೂ ನೋಡುತ್ತೇನೆ.

ಕಳೆದ ತಿಂಗಳು ಚಿಮ್ಮಡಕ್ಕೆ ಹೋದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಮೊರದಿಂದ ಕಣ್ಣು ತೆಗೆಯದೆ ಕೇಳಿದಳು, ಕೊನೆಗೆ ಅಂದಳು:

"ನನಗ ಗೊತ್ತಿದ್ದದ್ದನ್ನ ನನಗ ಯಾಕ ಹೇಳ್ತೀರಿ? ಗೊತ್ತಿಲ್ಲದವರಿಗೆ ಹೇಳ್ರಿ."

ಮರುದಿನ ಬೆಳಿಗ್ಗೆ ಆಕೆಯ ಹಳೆಯ ಓಣಿಗೆ ಹೋಗಿ ಕಸ್ತೂರೆವ್ವನ ಬಾಗಿಲಲ್ಲಿ ನಿಂತು ಹೇಳಿದೆ. ಕಸ್ತೂರೆವ್ವ ಕಟ್ಟೆಯ ಮೇಲೆ ಕುಳಿತಳು.

"ಹಂಗಾರ ಆಕಿದೇನೂ ತಪ್ಪಿರಲಿಲ್ಲ?"

"ಇರಲಿಲ್ಲ."

"ಮೂರು ಸಲ ನನ್ನ ಬಾಗಲಾ ಬಡದಿದ್ಲರಿ. ನಾ ತಗೀಲಿಲ್ಲ."

ಇದನ್ನು ನಾನು ಎಂದೂ ಯೋಚಿಸಿರಲಿಲ್ಲ — ಒಂದು ಸುಳ್ಳು ಇನ್ನೊಬ್ಬಳನ್ನೂ ತಪ್ಪಿತಸ್ಥೆ ಮಾಡಿತ್ತೆಂದು. ಕಸ್ತೂರೆವ್ವ ಎದ್ದು ಚಪ್ಪಲಿ ಮೆಟ್ಟಿ, ಬಾಗಿಲಿಗೆ ಕೀಲಿ ಹಾಕಿದಳು. ಚಿಮ್ಮಡಕ್ಕೆ ಹೊರಟಿದ್ದಾಳೆಂದು ತಿಳಿಯಿತು. ನನ್ನ ಕಾರಿನಲ್ಲಿ ಬಿಡುತ್ತೇನೆಂದೆ.

"ನಿಮ್ಮ ಗಾಡಿ ಬ್ಯಾಡ್ರಿ" ಎಂದು ಬಸ್‌ ಸ್ಟ್ಯಾಂಡಿನ ಕಡೆ ನಡೆದುಹೋದಳು.

ಓಣಿಯಲ್ಲಿ ಇನ್ನೂ ಹನ್ನೊಂದು ಮನೆಗಳಿದ್ದವು. ಪಕ್ಕದ ಬಾಗಿಲು ತಟ್ಟಿದೆ.