ಎಂಟು ಮಡಿಕೆಯ ಪಂಚೆ

ಮಂಗಳವಾರ ಬೆಳಿಗ್ಗೆ ಆರು ನಲವತ್ತಕ್ಕೆ ಆಶಾ ಕಾರ್ಯಕರ್ತೆ ರೂಪಶ್ರೀ, ದುದ್ದ ಹೋಬಳಿಯ ತಮ್ಮೂರಿನ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಹಿಂದೆ ನಿಂತಿದ್ದ ಕಾಂತರಾಜು, ಬಾಣಂತನಕ್ಕೆ ತವರಿಗೆ ಬಂದಿದ್ದ ತನ್ನ ತಂಗಿಯ ಸುದ್ದಿ ತೆಗೆದ.

"ನಿಸರ್ಗ ಎದ್ರೆ ಕಣ್ ಕತ್ಲೆ ಬತ್ತದೆ ಅಂತಾಳೆ ಕಣಕ್ಕ. ಬಿಸ್ನೀರು ಜಾಸ್ತಿ ಉಯ್ದ್ರೆ ಅಂಗಾಯ್ತದಾ?"

"ಯಾವಾಗಿಂದ?"

"ಮೊನ್ನೆಯಿಂದ. ಅವ್ವ, ಅದೆಲ್ಲಾ ಇರೋದೇ ಅಂತು."

ರೂಪಶ್ರೀ ತಮ್ಮ ಕ್ಯಾನನ್ನು ಅವನ ಕೈಗೆ ಕೊಟ್ಟರು. "ಇದ್ನೂ ಹಾಕ್ಬುಟ್ಟು ಬಾ. ಬರ್ತಾ ಚನ್ನಬಸವಯ್ಯನ ಕಾರು ಕೇಳ್ಕೊಂಡೇ ಬಾ."

"ಕಾರು ಯಾಕಕ್ಕ?" ಎಂದು ಅವನು ಕೇಳುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು.

ಹೆರಿಗೆಯಾದ ಮನೆಗೆ ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಹೀಗೆ ಆರು ವಾರ ಹೋಗಿ ತಾಯಿ ಮಗುವನ್ನು ನೋಡುವುದು ರೂಪಶ್ರೀಯವರ ಕೆಲಸ. ನಿಸರ್ಗಳಿಗೆ ಅಂದು ಹತ್ತನೇ ದಿನ. ಏಳನೇ ದಿನ ಹೋದಾಗ ಮಗುವಿನ ತೂಕ, ಮೈಬಿಸಿ ಎಲ್ಲ ಸರಿಯಿತ್ತು. ರಕ್ತ ಎಷ್ಟು ಹೋಗುತ್ತಿದೆ ಎಂದು ಕೇಳಿದ್ದಕ್ಕೆ ನಿಸರ್ಗಳ ತಾಯಿ ಬೆಟ್ಟಮ್ಮ, "ದಿನಕ್ಕೆ ಮೂರು ಬಟ್ಟೆ" ಎಂದಿದ್ದರು. ಸಮಾಧಾನದಿಂದ ಹಿಂದಿರುಗಿದ್ದ ರೂಪಶ್ರೀಗೆ ಈಗ ದಾರಿಯುದ್ದಕ್ಕೂ ಕೊರೆಯುತ್ತಿದ್ದದ್ದು ಆ ಮೂರೇ. ಬಸುರಿಯಾಗಿದ್ದಾಗಲೇ ನಿಸರ್ಗಳಲ್ಲಿ ರಕ್ತ ಕಡಿಮೆ. ಕಳೆದುಕೊಳ್ಳುವಷ್ಟು ಅವಳಲ್ಲಿ ಇರಲಿಲ್ಲ.

ಬೆಟ್ಟಮ್ಮ ಅಂಗಳ ಗುಡಿಸುತ್ತಿದ್ದರು.

"ಏನೇ ರೂಪಾ, ಹದಿನಾಕಕ್ಕೆ ಬತ್ತೀನಿ ಅಂದೋಳು ಈಗ್ಲೇ ಬಂದ್ಬುಟ್ಟೆ! ಸರ್ಕಾರದೋರು ಸಂಬ್ಳ ಜಾಸ್ತಿ ಮಾಡುದ್ರಾ?"

"ಮಾಡುದ್ರೆ ನಿಮ್ಗೇ ಮೊದ್ಲು ಓಳ್ಗೆ ಊಟ ಹಾಕ್ತೀನಿ ಅತ್ತೆ. ನಿಸರ್ಗ ಎಲ್ಲಿ?" ರೂಪಶ್ರೀ ದನಿ ಏರಿಸಿದರು. ಬೆಟ್ಟಮ್ಮನವರಿಗೆ ಕಿವಿ ಮಂದ.

ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಇನ್ನೂ ಆರಿರಲಿಲ್ಲ. ಮಗು ಮಲಗಿತ್ತು. ನಿಸರ್ಗಳ ತುಟಿ ಬಿಳಿಚಿಕೊಂಡಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೇ ಇಲ್ಲ. ನಾಡಿ ಬೆರಳ ಕೆಳಗೆ ಓಡುತ್ತಿತ್ತು.

"ನೆನ್ನೆ ಎಷ್ಟು ಬಟ್ಟೆ ಆಯ್ತು ಅತ್ತೆ?"

"ನಾಕೇ. ನೀನು ಹೇಳಿದ್ದುಕ್ಕಿಂತ ಒಂದು ಕಮ್ಮೀನೇ."

"ಎಲ್ಲಿ, ತೋರ್ಸಿ."

"ಅಯ್ಯೋ, ಬಾಣ್ತಿ ಬಟ್ಟೆ ಯಾರಾದ್ರೂ ತೋರುಸ್ತಾರಾ?"

ಆ ಬಟ್ಟೆ ಹೊರಗಿನವರ ಕಣ್ಣಿಗೆ ಬೀಳಬಾರದು. ಕೊಟ್ಟಿಗೆಯ ಹಿಂದೆ, ಹಳೇ ಸೀರೆಯ ಮರೆಯಲ್ಲಿ ಒಣಗುತ್ತದೆ. ಇಷ್ಟು ವರ್ಷಗಳಲ್ಲಿ ರೂಪಶ್ರೀ ಯಾರ ಮನೆಯಲ್ಲೂ ಆ ಸೀರೆ ಎತ್ತಿ ನೋಡಿದವರಲ್ಲ. ಅಂದು ಎತ್ತಿದರು. ಬಕೆಟ್ಟಿನಲ್ಲಿ ಇನ್ನೂ ಒಗೆಯದ ಒಂದು ಬಟ್ಟೆಯಿತ್ತು. ಮನೆಯ ಯಜಮಾನ ಪುಟ್ಟಸ್ವಾಮಿಯವರ ಹಳೇ ಪಂಚೆಯ ಅರ್ಧ, ಎಂಟು ಮಡಿಕೆ. ಎತ್ತಿದರೆ ನೆನೆದ ಕಂಬಳಿಯ ಭಾರ. ಚೀಲದಿಂದ ಒಂದು ಪ್ಯಾಡ್ ತೆಗೆದು ಪಕ್ಕದಲ್ಲಿ ಹಿಡಿದರು. ಅಂಥ ನಾಲ್ಕೈದು ಪ್ಯಾಡು ಹೀರುವಷ್ಟನ್ನು ಆ ಒಂದೇ ಬಟ್ಟೆ ಹೀರಿತ್ತು.

"ಕೆಟ್ ರಕ್ತ, ಓಗ್ಲಿ ಬುಡು," ಎಂದರು ಹಿಂದೆಯೇ ಬಂದ ಬೆಟ್ಟಮ್ಮ.

"ಕೆಟ್ಟದ್ದು ಎಂದೋ ಓಗಾಯ್ತು ಅತ್ತೆ. ಈಗ ಓಯ್ತಿರೋದು ಅವಳ ಜೀವ."

ಬಾಗಿಲಲ್ಲಿ ಕಾರಿನ ಹಾರನ್ ಕೇಳಿಸಿತು. ಬೆಟ್ಟಮ್ಮ ಅಡ್ಡ ನಿಂತರು. "ಹನ್ನೊಂದು ದಿನ ತುಂಬಿಲ್ಲ, ಪುಣ್ಯಾವ ಆಗಿ ಸೂತ್ಕ ಕಳ್ದಿಲ್ಲ. ಒಸ್ಲು ದಾಟುಸ್ತೀಯಾ?"

ವಾದಕ್ಕೆ ಹೊತ್ತಿರಲಿಲ್ಲ. "ಕಿವೀಗೆ ಹತ್ತಿ ಇಡಿ, ತಲೆಗೆ ಬಟ್ಟೆ ಕಟ್ಟಿ," ಎಂದರು ರೂಪಶ್ರೀ. "ನೀವೇ ಪಕ್ಕದಲ್ಲಿ ಕೂತ್ಕಳಿ. ಗಾಳಿ ಸೋಕ್ದಂಗೆ ಕರ್ಕೊಂಡೋಗಣ."

ಬೆಟ್ಟಮ್ಮ ಹತ್ತಿ ತಂದರು. ಹಾಸನದ ಆಸ್ಪತ್ರೆ ಮುಟ್ಟುವವರೆಗೆ ರೂಪಶ್ರೀ ನಿಸರ್ಗಳ ಮಣಿಕಟ್ಟು ಬಿಡಲಿಲ್ಲ; ಅವಳು ಕಣ್ಣು ಮುಚ್ಚಿದಾಗಲೆಲ್ಲ ಮಗುವಿಗೆ ಏನು ಹೆಸರಿಡುತ್ತೀಯೆಂದು ಕೇಳಿದರು. ಕೊನೆಕೊನೆಗೆ ಅವಳು ಉತ್ತರಿಸಲಿಲ್ಲ.

"ಹೆರಿಗೆಯಲ್ಲಿ ಹೊರಬರಬೇಕಿದ್ದ ಮಾಸಿನ ಚೂರು ಒಳಗೇ ಉಳಿದಿದೆ. ರಕ್ತ ಕೊಡಬೇಕು. ಈಗಲೇ ಏನೂ ಹೇಳಲಾರೆ," ಎಂದು ಡಾಕ್ಟರಮ್ಮ ಬಾಗಿಲು ಎಳೆದುಕೊಂಡರು.

ಹೊರಗಿನ ಬೆಂಚಿನ ಮೇಲೆ, ಮಡಿಲಲ್ಲಿ ಮೊಮ್ಮಗುವನ್ನು ಇಟ್ಟುಕೊಂಡು, ಬೆಟ್ಟಮ್ಮ ಹೇಳಿದರು. "ನೆನ್ನೆ ಇನ್ನೊಂದು ಬಟ್ಟೆ ಕೊಡವ್ವ ಅಂದ್ಲು ಕಣೆ. ಕೊಟ್ರೆ ರೂಪ ಹೇಳಿದ್ ಲೆಕ್ಕ ಆಗೋಯ್ತದೆ, ಬೆಳಿಗ್ಗೆ ತಂಕ ತಡ್ಕೋ ಅಂದೆ."

ರೂಪಶ್ರೀ ಅವರ ಕೈ ಹಿಡಿದುಕೊಂಡು ಕೂತರು.

ಮಧ್ಯಾಹ್ನ ನರ್ಸ್ ಬಂದು, ನಿಸರ್ಗಳ ನಾಡಿ ಹದಕ್ಕೆ ಬಂದಿದೆ, ಹಾಲು ಕುಡಿಸಲು ಮಗುವನ್ನು ತನ್ನಿ ಎಂದರು.

ಈಗ ರೂಪಶ್ರೀ ಬಸುರಿಯರ ಮನೆಗೆ ಹೋದರೆ, ಬಾಣಂತನಕ್ಕೆ ಎತ್ತಿಟ್ಟ ಬಟ್ಟೆ ಮೊದಲು ತನ್ನಿ ಎನ್ನುತ್ತಾರೆ. ಬಿಚ್ಚಿ ಹರಡಿ, ಮಡಿಕೆ ನೋಡಿ, ಆಮೇಲೆ ಲೆಕ್ಕ ಹೇಳುತ್ತಾರೆ. ಆದರೂ ಬೆಟ್ಟಮ್ಮನವರ ಜಗಲಿ ಹಾಯುವಾಗ ಅವರ ಹೆಜ್ಜೆ ತಡೆಯುತ್ತದೆ. ನಿಸರ್ಗಳಿಗೆ ಏಳು ತಿಂಗಳು ತುಂಬಿದಾಗ ಆ ಜಗಲಿಯಲ್ಲೇ ಕೂತು, ದಿನಕ್ಕೆ ಎಷ್ಟು ಬಟ್ಟೆ ಆದರೆ ತಮಗೆ ಫೋನ್ ಮಾಡಬೇಕೆಂದು, ಕಿವಿ ಮಂದದ ಬೆಟ್ಟಮ್ಮನವರಿಗೆ ತಿಳಿಯಲೆಂದು ಅಂಗೈ ಅಗಲಿಸಿ, ಬೀದಿಗೇ ಕೇಳುವಂತೆ ಕೂಗಿ ಹೇಳಿದ್ದರು: "ಐದು, ಅತ್ತೆ. ಐದು."