ಬೋಣಿಯಾಗದ ಕಂಪನಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಚಳ್ಳಕೆರೆಯಲ್ಲಿ ಒಂದು ಕಂಪನಿ ಮಾಡಿದ್ದೆವು. ಗೆಳೆಯ ಜೀಪ್ ಮೆಕ್ಯಾನಿಕ್. ಮನೆಯಲ್ಲಿ ಉರ್ದು, ಬೀದಿಯಲ್ಲಿ ನನಗಿಂತ ಚೆನ್ನಾದ ಕನ್ನಡ. ನಾನು ಲೇತ್ ಕೆಲಸದವನು. ಕಂಪನಿಗೆ ಬೋರ್ಡು, ರಬ್ಬರ್ ಸ್ಟ್ಯಾಂಪು, ಬಿಲ್ ಪುಸ್ತಕ ಎಲ್ಲ ಇತ್ತು. ಗಿರಾಕಿ ಮಾತ್ರ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಆ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ನಾವು ಮಾಡಿದ್ದು ಬಿತ್ತನೆಯ ಶೇಂಗಾ ಸುಲಿಯುವ ಕೈಯಂತ್ರ. ಎಣ್ಣೆ ಮಿಲ್ಲಿನ ಯಂತ್ರದಲ್ಲಿ ಕಾಳು ಒಡೆಯುತ್ತದೆ, ಒಡೆದ ಕಾಳು ಮೊಳೆಯುವುದಿಲ್ಲ. ಹಾಗಾಗಿ ಬಿತ್ತನೆಯ ಕಾಯನ್ನು ಹೆಂಗಸರು ಬೆರಳಿಗೆ ಬೊಬ್ಬೆ ಬರುವವರೆಗೆ ಕೈಯಲ್ಲೇ ಸುಲಿಯುತ್ತಿದ್ದರು. ನಮ್ಮ ಯಂತ್ರ ಕಾಳಿನ ಕೆಂಪು ಸಿಪ್ಪೆಯೂ ಹರಿಯದಂತೆ ಸುಲಿಯುತ್ತಿತ್ತು. ಇದು ಬಡಾಯಿಯಲ್ಲ. ಅಷ್ಟಕ್ಕೆ ಎರಡು ವರ್ಷ ಹಿಡಿಯಿತು. ಗೆಳೆಯನ ಗ್ಯಾರೇಜಿನ ಸಾಮಾನು, ನನ್ನ ಹೆಂಡತಿಯ ಬಳೆ ಎರಡೂ ಅದರ ಹೊಟ್ಟೆಗೆ ಹೋದವು. ಮೂರು ಯಂತ್ರ ತಯಾರಾದವು. ನಾಲ್ಕನೆಯದಕ್ಕೆ ಕಬ್ಬಿಣ ತರಲು ಕಾಸಿರಲಿಲ್ಲ. ಶೆಡ್ಡಿನ ಕರೆಂಟೂ ಹೋಗಿತ್ತು.

ಬ್ಯಾಂಕಿನ ಮ್ಯಾನೇಜರ್ ಒಳ್ಳೆಯ ಮನುಷ್ಯ. "ಇಲ್ಲೀವರೆಗೆ ಎಷ್ಟು ಮಾರಿದ್ದೀರಿ?" ಅಂದರು. ನಾನು ಒಂದು ಹಾಳೆಯೂ ಹರಿಯದ ಬಿಲ್ ಪುಸ್ತಕವನ್ನು ಮೇಜಿನ ಮೇಲಿಟ್ಟೆ. "ಒಂದು ಮಾರಿ, ಬಿಲ್ ತನ್ನಿ. ಒಂದೇ ಸಾಕು, ಸಾಲದ ಕಾಗದ ಮೇಲಕ್ಕೆ ಕಳಿಸ್ತೀನಿ. ಆದರೆ ಬಿತ್ತನೆಯೊಳಗೆ ತನ್ನಿ, ಆಮೇಲೆ ನನಗೆ ವರ್ಗ."

ಮೂರನೇ ದಿನ ಬೆಳಿಗ್ಗೆ ಕೊಂಡ್ಲಹಳ್ಳಿಯಿಂದ ಒಬ್ಬ ಹೆಂಗಸು ಬಸ್ಸಿಳಿದು ಬಂದಳು. ಊರ ಹೆಂಗಸರನ್ನು ಕಟ್ಟಿಕೊಂಡು ಕಾಯಿ ಸುಲಿಸುವ ಗುತ್ತಿಗೆ ಅವಳದು. ತಾನೇ ಹಿಡಿಕೆ ತಿರುಗಿಸಿ, ಬಿದ್ದ ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನ ಗಂಟು ಬಿಚ್ಚಿದಳು.

"ಅಣ್ಣಾ, ಈಗ ಅರ್ಧ ಐತೆ. ಉಳಿದಿದ್ದು ಸುಲಿಯೋದು ಮುಗಿದ ಮ್ಯಾಲೆ ಕೊಡ್ತೀನಿ."

ನನ್ನವ್ವ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಾರಿ ನಮ್ಮನ್ನು ಸಾಕಿದವಳು. ದಿನದ ಮೊದಲ ವ್ಯಾಪಾರ ನಗದಾಗದಿದ್ದರೆ ಪೊಲೀಸಿನವನಿಗೂ ಪೊಟ್ಟಣ ಕೊಡುತ್ತಿರಲಿಲ್ಲ. ಇದಂತೂ ಇಡೀ ಕಂಪನಿಯ ಬೋಣಿ.

"ಬೋಣಿ ಸಾಲ ಕೊಡಬಾರ್ದು ಅಂತ ನಮ್ಮವ್ವ ಹೇಳ್ತಿದ್ಲು ಕಣವ್ವ. ಪೂರ್ತಿ ತಗಂಡು ಬಾ," ಅಂದೆ.

ಗೆಳೆಯ ನನ್ನ ತೋಳು ಹಿಡಿದು ಒಳಗೆಳೆದ. "ಲೇ, ಅರ್ಧ ಆದ್ರೂ ರೊಕ್ಕ ಅಲ್ವೇನೋ? ಬಿಲ್ ಹರಿದು ಕೊಡು."

"ಬೋಣಿ ಕೆಟ್ರೆ ಕಂಪನಿ ಕೆಡ್ತೈತೆ."

ಕೆಡಲು ಇನ್ನೇನು ಉಳಿದಿತ್ತೋ! ಅವಳು ಗಂಟು ಕಟ್ಟಿಕೊಂಡು ಹೊರಟುಹೋದಳು.

ಮತ್ತೆ ಯಾರೂ ಬರಲಿಲ್ಲ. ದಿನಾ ಬಾಗಿಲು ತೆಗೆದು, ಬೋರ್ಡು ಒರೆಸಿ, ರಸ್ತೆ ನೋಡುತ್ತ ಕೂತೆವು. ಒಂದು ಸಂಜೆ ಹದವಾದ ಮಳೆ ಬಿತ್ತು. ಊರೆಲ್ಲ ಖುಷಿಪಟ್ಟಿತು, ನಾನು ಮಾತ್ರ ಬಿಲ್ ಪುಸ್ತಕ ಹುಡುಕಿ ಜೇಬಿಗಿಟ್ಟುಕೊಂಡೆ. ಬಿತ್ತನೆ ಶುರುವಾದರೆ ಯಂತ್ರ ಯಾರಿಗೆ ಬೇಕು? ಮರುದಿನ ಮೊದಲ ಬಸ್ಸಿಗೇ ಕೊಂಡ್ಲಹಳ್ಳಿಗೆ ಓಡಿದೆ.

ಅವಳು ಅಂಗಳದಲ್ಲಿ ಕೊನೆಯ ಚೀಲ ಸುಲಿಸುತ್ತಿದ್ದಳು.

"ಅರ್ಧಾನೇ ಕೊಡವ್ವ," ಅಂದೆ.

"ಆ ರೊಕ್ಕ ಕೂಲಿಗೆ ಹೋಯ್ತಲ್ಲಣ್ಣ."

"ಹಂಗಾರೆ ಏನೂ ಕೊಡಬ್ಯಾಡ. ಯಂತ್ರ ತಂದು ಇಟ್ಟು ಹೋಗ್ತೀನಿ. ಈ ಬಿಲ್ಲಿಗೆ ಒಂದು ಹೆಬ್ಬೆಟ್ಟು ಒತ್ತು, ಸಾಕು."

ನನ್ನ ದನಿ ಕೇಳಿ ನನಗೇ ಹೇಸಿಗೆಯಾಯಿತು. ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು. ಅವಳು ಒಳಗಿಂದ ಒಂದು ಚೊಂಬು ನೀರು ತಂದುಕೊಟ್ಟಳು.

"ರೊಕ್ಕ ಕೊಡದ ಮಾಲಿಗೆ ಹೆಬ್ಬೆಟ್ಟು ಒತ್ತಬ್ಯಾಡ ಅಂತ ನಮ್ಮವ್ವನೂ ಹೇಳ್ತಿದ್ಲು. ನಿಮ್ಮವ್ವನ ಮಾತು ನೀನು ಉಳಿಸ್ಕಂಡೆ. ನಮ್ಮವ್ವಂದು ನಾನು ಹೆಂಗೆ ಬಿಡಲಿ?"

ನೀರು ಕುಡಿದು ವಾಪಸು ಬಂದೆ. ಮ್ಯಾನೇಜರಿಗೆ ವರ್ಗವಾಯಿತು. ಬಾಡಿಗೆ ಬಾಕಿಯಿದ್ದ ಶೆಡ್ಡಿನ ಮಾಲೀಕ ಬೀಗ ಬದಲಿಸುತ್ತೇನೆ ಅಂದ. ಮೂರೂ ಯಂತ್ರಗಳನ್ನು ಕೈಗಾಡಿಯಲ್ಲಿ ಗುಜರಿ ಅಂಗಡಿಗೆ ನೂಕಿಕೊಂಡು ಹೋದೆವು. ಗುಜರಿಯವನು ಹಿಡಿಕೆ ತಿರುಗಿಸಿಯೂ ನೋಡಲಿಲ್ಲ. ತೂಕಕ್ಕೆ ಹಾಕಿ, ರೊಕ್ಕ ಎಣಿಸಿಕೊಟ್ಟ.

ಗೆಳೆಯ ನೋಟುಗಳನ್ನು ಕಣ್ಣಿಗೊತ್ತಿಕೊಂಡು, ಅರ್ಧ ಭಾಗ ಮಾಡಿ ನನ್ನ ಜೇಬಿಗೆ ತುರುಕಿದ.

"ಇಟ್ಕೋ," ಅಂದ. "ನಮ್ಮ ಬೋಣಿ. ಪೂರ್ತಿ ನಗದು."

ಚುಚ್ಚಲು ಅಂದದ್ದಲ್ಲ, ಅವನ ಕಣ್ಣು ತುಂಬಿತ್ತು. ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.